ಊರ ಓಟ, ದೂರದ ಓಟ



ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ ಕ್ರೀಡೆಯಲ್ಲಿ ಓಡಿದ ಈ ದೂರವೇ 1921ರಲ್ಲಿ ನಿಯಮವಾಯಿತು. ನಮ್ಮ ಕಡೆಯ ಅಳತೆಯಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಭಕ್ತರು ನಡೆದುಹೋಗುವ ದಾರಿಗಿಂತ ತುಸು ಹೆಚ್ಚು. ಜನವರಿಯಲ್ಲಿ ಮುಂಬಯಿಯಲ್ಲಿ ಇಷ್ಟು ದೂರ ಓಡಬಯಸುವ ನಾವು ಮೊದಲು ನಮ್ಮೂರಿನ ಅರ್ಧ ಓಟದಲ್ಲಿ ಸೇರುವುದೇತಕ್ಕೆ?

ಗೆಲುವಿಗಾಗಿ ಅಲ್ಲ, ಸಂಯಮದ ಅಭ್ಯಾಸಕ್ಕಾಗಿ. ಪರವೂರಿನಲ್ಲಿ ನಮ್ಮನ್ನು ಬಲ್ಲವರು ವಿರಳ. ಇಲ್ಲಿಯಾದರೋ ತಿರುವುತಿರುವಿನಲ್ಲಿಯೂ ನೆಂಟರು ಹೆಸರು ಹಿಡಿದು ಕೂಗುವರು, ಶಿಷ್ಯರು ಚಪ್ಪಾಳೆ ತಟ್ಟುವರು. ಕಾಲು ತಾನಾಗಿ ಚುರುಕಾಗುವುದು. ಆಗಲೂ ಗೊತ್ತುಮಾಡಿಕೊಂಡ ವೇಗವನ್ನು ಮೀರದಿರುವುದೇ ನಿಜವಾದ ಸಾಧನೆ.

ಇದಕ್ಕೆ ದೇಹಧರ್ಮದ ಕಾರಣವುಂಟು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಸಕ್ಕರೆಯ ಅಂಶವು ಅರ್ಧ ಓಟಕ್ಕೆ ಸಾಮಾನ್ಯವಾಗಿ ಸಾಲುವುದು; ಪೂರ್ಣ ಓಟದಲ್ಲಿ ಸುಮಾರು 30 ಕಿಲೋಮೀಟರು ದಾಟಿದ ಬಳಿಕ ಅನೇಕರಲ್ಲಿ ಬರಿದಾಗತೊಡಗುವುದು. ಮೊದಲೇ ದುಂದುಮಾಡಿದವನು ಅಲ್ಲಿ ಕುಸಿಯುವನು. ಯಾವ ಬೂಟು ಕಾಲನ್ನು ಕಚ್ಚದು, ಎಷ್ಟು ನೀರು ಹಿತ, ಯಾವ ಉಪಾಹಾರ ಒಗ್ಗುವುದು ಎಂಬುದನ್ನೂ ಊರ ಓಟದಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಕೊನೆಯ ಗೆರೆಯನ್ನು ದಾಟಿದಾಗ ಇನ್ನೂ ಕಸುವು ಉಳಿದಿರಬೇಕು.

ತಾಯಿತಂದೆಗಳೇ, ಕನ್ನಡ ಶಾಲೆಯಿಂದ ದೂರದ ಕಾಲೇಜಿಗೆ ಹೊರಡುವ ನಮ್ಮ ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಹತ್ತನೆಯ ತರಗತಿಯ ಅಂಕಗಳಿಗೆ ಊರು ಚಪ್ಪಾಳೆ ತಟ್ಟಲಿ. ಆದರೆ ಅವರ ಕಸುವೆಲ್ಲ ಅಲ್ಲಿಯೇ ಮುಗಿಯುವಂತೆ ನಾವು ಓಡಿಸದಿರೋಣ. ಪರಭಾಷೆಯ ನಡುವೆ ಅವರು ಓಡಬೇಕಾದ ದಾರಿ ಇನ್ನೂ ಮುಂದಿದೆ.