ಕಿವಿಯಿಂದ ಕಲಿಯುವ ಫ್ರೆಂಚ್ ಕ್ರಿಯಾಪದ

ಫ್ರೆಂಚ್ ಕಲಿಯಲು ಹೊರಟವರನ್ನು ಮೊದಲಿಗೆ ಬೆದರಿಸುವುದು ಕ್ರಿಯಾಪದಗಳ ಪಟ್ಟಿ. ಒಂದು ಕ್ರಿಯಾಪದಕ್ಕೆ ಆರು ರೂಪ, ಕಾಲ ಬದಲಾದರೆ ಮತ್ತೆ ಆರು. ಫ್ರಾನ್ಸಿನ ಶಾಲಾಮಕ್ಕಳಿಗೂ ಇದಕ್ಕೆಂದೇ 'ಬೆಶರೆಲ್' ಎಂಬ ಪುಸ್ತಕವಿದೆ. ಆದರೆ ಈ ಪಟ್ಟಿಯನ್ನು ಉರುಹೊಡೆಯುವ ಮೊದಲು ಯಾರಾದರೂ ಗಟ್ಟಿಯಾಗಿ ಓದುವಾಗ ಕೇಳಿಸಿಕೊಳ್ಳಿ. ಅರ್ಧಕ್ಕರ್ಧ ಭಯ ಅಲ್ಲೇ ಕಳೆಯುತ್ತದೆ.

ಮಾತಾಡುವುದಕ್ಕೆ ಫ್ರೆಂಚಿನಲ್ಲಿ 'ಪಾರ್ಲೇ' ಎನ್ನುತ್ತಾರೆ. ನಾನು ಮಾತಾಡುತ್ತೇನೆ: ಝ ಪಾರ್ಲ್. ನೀನು: ತ್ಯು ಪಾರ್ಲ್. ಅವನು: ಇಲ್ ಪಾರ್ಲ್. ಅವರು: ಇದೂ ಇಲ್ ಪಾರ್ಲ್! ಬರೆಯುವಾಗ 'ನೀನು' ರೂಪದ ಕೊನೆಗೆ ಎಸ್ ಬರುತ್ತದೆ, 'ಅವರು' ರೂಪಕ್ಕೆ ಎನ್ ಮತ್ತು ಟಿ ಸೇರುತ್ತವೆ. ಉಚ್ಚಾರದಲ್ಲಿ ಅವು ಯಾವುವೂ ಇಲ್ಲ. ಬೇರೆಯಾಗಿ ಕೇಳಿಸುವುದು ಎರಡೇ: 'ನಾವು' ಎಂಬುದಕ್ಕೆ ನೂ ಪಾರ್ಲೋಂ, 'ನೀವು' ಎಂಬುದಕ್ಕೆ ವೂ ಪಾರ್ಲೇ. ದಿನಬಳಕೆಯಲ್ಲಂತೂ 'ನಾವು' ಎನ್ನಲು ಹೆಚ್ಚಾಗಿ 'ಓಂ ಪಾರ್ಲ್' ಎಂದುಬಿಡುತ್ತಾರೆ. ಫ್ರೆಂಚಿನ ಕ್ರಿಯಾಪದಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇದೇ ಜಾಡಿನವು.

ಕನ್ನಡಿಗರು ಎಚ್ಚರವಹಿಸಬೇಕಾದ ಜಾಗವೂ ಇದೇ. ನಮ್ಮಲ್ಲಿ 'ಬರ್ತೀನಿ' ಎಂದರೆ ಸಾಕು, 'ನಾನು' ಬೇಕಿಲ್ಲ. ಯಾರು ಎಂಬುದನ್ನು ಕೊನೆಯ ಪ್ರತ್ಯಯವೇ ಹೇಳುತ್ತದೆ. ಫ್ರೆಂಚಿನಲ್ಲಿ ಆ ಕೊನೆಯೇ ಕೇಳಿಸದ ಕಾರಣ 'ಝ', 'ತ್ಯು' ಬಿಡುವಂತಿಲ್ಲ. ಹಾಗಾದರೆ ಅವನು, ಅವರು ಎಂಬ ವ್ಯತ್ಯಾಸ ಗೊತ್ತಾಗುವುದು ಹೇಗೆ? ಬಹಳ ಸಲ ಸಂದರ್ಭದಿಂದ. ಈ ಜಾಡಿನ ಕ್ರಿಯಾಪದ ಸ್ವರದಿಂದ ಶುರುವಾದರೆ ಮಾತ್ರ ಕಿವಿಗೂ ಸುಳಿವು ಸಿಗುತ್ತದೆ. ಅವನು ಪ್ರೀತಿಸುತ್ತಾನೆ: ಇಲ್ ಎಮ್. ಅವರು ಪ್ರೀತಿಸುತ್ತಾರೆ: ಇಲ್ ಝೆಮ್. 'ಅವರು' ಪದದ ಕೊನೆಯಲ್ಲಿ ಸುಮ್ಮನಿದ್ದ ಎಸ್, ಮುಂದೆ ಸ್ವರ ಸಿಕ್ಕಿದ್ದೇ ಝಕಾರವಾಗಿ ನುಡಿಯುತ್ತದೆ. ನನಗೆ ಈ ಭಾಷೆಯಲ್ಲಿ ತುಂಬ ಇಷ್ಟವಾದ ಸಂಗತಿ ಇದು.

ನೀನು, ನೀವು ಎಂಬ ಭೇದ ಫ್ರೆಂಚಿನಲ್ಲೂ ಇದೆ, ಅದು ನಮಗೆ ಹೊಸದಲ್ಲ. ಆದರೆ ನಮ್ಮ ಬರ್ತಾನೆ, ಬರ್ತಾಳೆ ಎಂಬ ಭೇದ ಫ್ರೆಂಚಿನ ವರ್ತಮಾನಕಾಲದ ಕ್ರಿಯಾಪದಕ್ಕೆ ಇಲ್ಲವೇ ಇಲ್ಲ.

ಜಾಡು ತಪ್ಪಿದ ಕ್ರಿಯಾಪದಗಳೂ ಇವೆ. ಇರು, ಹೊಂದಿರು, ಹೋಗು ಇಂಥವು. ದಿನಕ್ಕೆ ನೂರು ಸಲ ಬಾಯಲ್ಲಿ ಆಡುವ ಮಾತುಗಳಾದ್ದರಿಂದ ಅವುಗಳ ಹಳೆಯ ರೂಪಗಳು ಸವೆಯದೆ ಉಳಿದಿವೆ. ಇವನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ಪಟ್ಟ ಶ್ರಮಕ್ಕೆ ಫಲ ಬಹಳ ದೊಡ್ಡದು. 'ಹೋಗು' ಕಲಿತರೆ ಭವಿಷ್ಯ ಕೈಗೆ ಬಂತು: ಝ ವೇ ಪಾರ್ಲೇ, ಅಂದರೆ ಇನ್ನೇನು ಮಾತಾಡುತ್ತೇನೆ. 'ಹೊಂದಿರು' ಕಲಿತರೆ ಭೂತಕಾಲ ಬಂತು: ಝೇ ಪಾರ್ಲೇ, ಮಾತಾಡಿದೆ. ಬರುವುದು, ಹೋಗುವುದು ಮುಂತಾದ ಕೆಲವಕ್ಕೆ ಮಾತ್ರ 'ಹೊಂದಿರು' ಜಾಗದಲ್ಲಿ 'ಇರು' ಬರುತ್ತದೆ: ಝ ಸ್ವೀ ವನ್ಯು, ಬಂದೆ. ಕಾದಂಬರಿಗಳಲ್ಲಿ ಕಾಣುವ ಇನ್ನೊಂದು ಭೂತಕಾಲ ಮಾತಿನಲ್ಲಿ ಬಳಕೆಯಲ್ಲಿಲ್ಲ; ಕಾದಂಬರಿ ಓದಲು ಕೂತ ದಿನ ಅದನ್ನು ಕಲಿತರಾಯಿತು.