ಗೈರಾದವರ ಅಹವಾಲು

ಕಾರ್ಮಿಕ ನ್ಯಾಯಾಲಯದಲ್ಲಿ ಒಂದು ಕಡೆಯವರು ವಾಯಿದೆಗೆ ಬರದಿದ್ದರೆ ಕಲಾಪ ನಿಲ್ಲಲೇಬೇಕೆಂದಿಲ್ಲ. ಬಂದವರ ಸಾಕ್ಷ್ಯವನ್ನಷ್ಟೇ ಕೇಳಿ ನ್ಯಾಯಾಧೀಶರು ಐತೀರ್ಪು ಕೊಡಬಹುದು. ಇದೇ ಏಕಪಕ್ಷೀಯ ಐತೀರ್ಪು. ಗೈರಾದವರು ಆಮೇಲೆ ಬಂದು ಅದನ್ನು ರದ್ದುಮಾಡಿ ಎಂದು ಬೇಡಿದರೆ ಕೇಳಬೇಕೇ ಎಂಬುದು ಇವತ್ತಿನ ಪ್ರಶ್ನೆ. ಕೇಳಲೇಬೇಕು ಎಂದು ನಾನು ವಾದಿಸುತ್ತೇನೆ. ಆದರೆ ವ್ಯಾಜ್ಯ ಮತ್ತೆ ಮೊದಲಿನಿಂದ ನಡೆಯುವಾಗ ಅದರ ಭಾರ, ವಾಯಿದೆ ತಪ್ಪಿಸದೆ ಬಂದವರ ಹೆಗಲಿಗೆ ಬೀಳಬಾರದು.

ಇದು ಆಲಸಿ ಮಾಲೀಕರಿಗೆ ಮಾಡಿಕೊಟ್ಟ ಕಳ್ಳದಾರಿ ಎಂಬ ಅನುಮಾನ ಸಹಜ. ಆದರೆ ಈ ವಿಷಯದ ಮೂಲ ತೀರ್ಪನ್ನು ತೆರೆದು ನೋಡಿ. ಗ್ರಿಂಡ್ಲೇಸ್ ಬ್ಯಾಂಕ್ ಪ್ರಕರಣದಲ್ಲಿ ಗೈರಾದದ್ದು ಬ್ಯಾಂಕಲ್ಲ, ನೌಕರರ ಸಂಘ. ಸಂಘದ ಕಾರ್ಯದರ್ಶಿಯ ತಂದೆ ತೀರಿಕೊಂಡಿದ್ದರು. 1976ರ ಡಿಸೆಂಬರ್ 9ರಂದು ಶ್ರಾದ್ಧ. ವಕೀಲರು ತಂತಿ ತೋರಿಸಿ ವಾಯಿದೆ ಕೇಳಿದರೂ ನ್ಯಾಯಮಂಡಳಿ ಒಪ್ಪದೆ ಐತೀರ್ಪು ಕೊಟ್ಟಿತು, ಆಮೇಲೆ ತಾನೇ ಅದನ್ನು ರದ್ದುಮಾಡಿತು. ಇಂಥ ಅಧಿಕಾರ ಕಾಯ್ದೆಯಲ್ಲಿ ಎಲ್ಲಿದೆ ಎಂದು ಬ್ಯಾಂಕು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು: ತೀರ್ಪಿನ ಸರಿತಪ್ಪನ್ನು ಮತ್ತೆ ತೂಗುವುದು ಬೇರೆ, ತೀರ್ಪಿಗೆ ಬಂದ ದಾರಿಯಲ್ಲಿ ಆದ ಲೋಪವನ್ನು ತಿದ್ದುವುದು ಬೇರೆ. ಎರಡನೆಯದಕ್ಕೆ ಕಾಯ್ದೆಯ ಪ್ರತ್ಯೇಕ ಅಕ್ಷರ ಬೇಕಿಲ್ಲ. ಗೈರಿಗೆ ಸಾಕಷ್ಟು ಕಾರಣವಿದ್ದರೆ ಸಾಕು. ಕರ್ನಾಟಕದಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ನಮ್ಮ ರಾಜ್ಯ 10(4ಎ) ಕಲಮನ್ನು ಸೇರಿಸಿ, ಕೆಲಸ ಕಳೆದುಕೊಂಡವರು 6 ತಿಂಗಳೊಳಗೆ ತಾವೇ ನೇರವಾಗಿ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತುವಂತೆ ಮಾಡಿತು. ಹಾಗೆ ಒಂಟಿಯಾಗಿ ಬಂದವನು ಹೊಟ್ಟೆಪಾಡಿಗೆ ಬೇರೆ ಊರಿಗೆ ಹೋದರೆ, ಹಳೆಯ ಬಾಡಿಗೆ ಮನೆಗೆ ಹೋದ ನೋಟಿಸು ಹಾಗೆಯೇ ಮರಳುತ್ತದೆ. ಅವನ ಪರವಾಗಿ ವಿಚಾರಿಸಲು ಸಂಘವೂ ಇರುವುದಿಲ್ಲ.

ಅವಧಿಯ ವಿಷಯಕ್ಕೇ ಹೆಚ್ಚು ಜಗಳ ನಡೆದಿದೆ. 1947ರ ಕಾಯ್ದೆಯಲ್ಲಿ ಐತೀರ್ಪು ಪ್ರಕಟವಾಗಿ 30 ದಿನ ಕಳೆದರೆ ಅದು ಜಾರಿಗೆ ಅರ್ಹವಾಗುತ್ತಿತ್ತು. ಅಲ್ಲಿಗೆ ನ್ಯಾಯಾಲಯದ ಕೆಲಸ ಮುಗಿಯಿತು, ಅರ್ಜಿ ಅದರೊಳಗೇ ಬರಬೇಕು ಎಂದು ಸಂಘಂ ಟೇಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ವ್ಯಾಜ್ಯಕ್ಕೆ ಒಂದು ಕೊನೆ ಇರಬೇಕೆಂಬ ಆ ಕಾಳಜಿ ಹಗುರವಾದುದಲ್ಲ. ಆದರೆ ದಿನಗಳ ಎಣಿಕೆ ಶುರುವಾಗುತ್ತಿದ್ದುದು ಪ್ರಕಟಣೆಯಿಂದ, ಪಕ್ಷಗಾರರಿಗೆ ಗೊತ್ತಾದ ದಿನದಿಂದಲ್ಲ. ನೋಟಿಸೇ ಮುಟ್ಟದವರಿಗೆ ಪ್ರಕಟಣೆ ಹೇಗೆ ಮುಟ್ಟೀತು? 2018ರಲ್ಲಿ ಹರಿಯಾಣ ಸೂರಜ್ ಮಾಲ್ಟಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ಗಂಟನ್ನು ಬಿಡಿಸಿತು: ಸಾಕಷ್ಟು ಕಾರಣವಿದ್ದರೆ 30 ದಿನ ದಾಟಿದ ಮೇಲೂ ಅರ್ಜಿ ಕೇಳಬಹುದು. ಹೈಕೋರ್ಟಿಗೆ ರಿಟ್ ಹಾಕಬಹುದಲ್ಲ ಎನ್ನುವವರಿದ್ದಾರೆ. ನೋಟಿಸು ಮುಟ್ಟಿತೇ, ಸಹಿ ಯಾರದು ಎಂಬುದು ಸಾಕ್ಷಿ ಕೇಳಿ ತೀರ್ಮಾನಿಸುವ ಸಂಗತಿ. ಕಡತವೂ ಅಮೀನರ ವರದಿಯೂ ಇರುವ ಕೆಳ ನ್ಯಾಯಾಲಯವೇ ಅದಕ್ಕೆ ತಕ್ಕ ಜಾಗ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಐತೀರ್ಪನ್ನು ಪಕ್ಷಗಾರರಿಗೆ ತಿಳಿಸಿದ ದಿನದಿಂದ 30 ದಿನ ಎಣಿಸುತ್ತಾರೆ. ಒಳ್ಳೆಯ ಬದಲಾವಣೆಯೇ. ಆದರೆ ತಿಳಿಸುವ ಕಾಗದವೂ ಹಳೆಯ ವಿಳಾಸಕ್ಕೇ ಹೋದರೆ ತೊಂದರೆ ತಪ್ಪಿದಂತಾಗದು.

ಇನ್ನು ದುರುಪಯೋಗದ ಆಕ್ಷೇಪಣೆ; ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ನೋಟಿಸು ಪಡೆದೂ ಸುಮ್ಮನಿದ್ದ ಮಾಲೀಕರು ವಸೂಲಿಗೆ ಬಂದಾಗ ಎಚ್ಚೆತ್ತು ವಕಾಲತ್ತು ಹಾಕುತ್ತಾರೆ. ಕಾರ್ಖಾನೆಗೆ ಒಂದು ವರ್ಷದ ವಿಳಂಬ ಲೆಕ್ಕಪತ್ರದ ಒಂದು ಸಾಲು. ಕೆಲಸ ಹೋದವನಿಗೆ ಅದು ಅಕ್ಕಿ, ಬಾಡಿಗೆ, ಮಕ್ಕಳ ಶುಲ್ಕ. ಮರಳಿ ಕೆಲಸ ಕೊಡಬೇಕೆಂಬ ಐತೀರ್ಪನ್ನು ಮಾಲೀಕರು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ, ಬೇರೆಡೆ ದುಡಿಮೆಯಿಲ್ಲದ ಕಾರ್ಮಿಕನಿಗೆ ಕೊನೆಯ ಸಂಬಳದಷ್ಟು ಹಣ ಕೊಡುತ್ತಿರಬೇಕೆಂದು 1947ರ ಕಾಯ್ದೆಯ 17ಬಿ ಕಲಮು ಹೇಳಿತು. ರದ್ದತಿಯ ಅರ್ಜಿ ಕೆಳಗಿನ ನ್ಯಾಯಾಲಯದಲ್ಲೇ ಇರುವಾಗ ಆ ಕಲಮಿನ ಆಸರೆ ಅವನಿಗೆ ಸಿಗುತ್ತಿರಲಿಲ್ಲ. ಈ ಕಂದಕವನ್ನು ರದ್ದತಿಯ ಆದೇಶದ ಷರತ್ತುಗಳೇ ತುಂಬಬೇಕು. ಕಾರಣ ಒಪ್ಪಿದ ಮೇಲೂ ವ್ಯಾಜ್ಯದ ಖರ್ಚು ಮೊದಲು ಕಾರ್ಮಿಕನ ಕೈಸೇರಲಿ, ಹಿಂಬಾಕಿ ಸಂಬಳದ ಒಂದು ಪಾಲು ಠೇವಣಿಯಾಗಲಿ, ಮರುವಿಚಾರಣೆ ಮುಗಿಯುವ ತಿಂಗಳು ಆದೇಶದಲ್ಲೇ ಬರಲಿ. ಅರ್ಜಿ ಹಾಕಿದವನು ಕಾರ್ಮಿಕನೇ ಆಗಿದ್ದರೆ ಠೇವಣಿ ಕೇಳಬಾರದು. ಅವನ ಗೈರಿನ ಬೆಲೆಯನ್ನು ಅವನು ಸಂಬಳವಿಲ್ಲದ ತಿಂಗಳುಗಳಲ್ಲಿ ಆಗಲೇ ತೆತ್ತಿರುತ್ತಾನೆ.