ಕಣ್ಣಿಗೂ ಅಕ್ಷರಾಭ್ಯಾಸ ಬೇಕು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಅವಲಪಲ್ಲಿಯ ಕನ್ನಡ ಬಂಧುಗಳೇ,

ಕಲೆಯ ಚರಿತ್ರೆಯೆಂಬುದು ಉಳ್ಳವರ ವಿನೋದ, ನಮ್ಮ ಮಕ್ಕಳಿಗೆ ಅದರಿಂದೇನು ಪ್ರಯೋಜನವೆಂದು ಕೇಳುವವರುಂಟು. ಅಕ್ಷರ ಬಲ್ಲವನೊಡನೆ ಪುಸ್ತಕ ಮಾತನಾಡುವಂತೆ, ನೋಡಲು ಕಲಿತವನೊಡನೆ ಕಲ್ಲು ಮಾತನಾಡುತ್ತದೆ. ಈ ಕಲಿಕೆಗೆ ಎರಡು ಮೆಟ್ಟಿಲುಗಳು: ಮೊದಲು ಪಾಠ, ಅನಂತರ ದರ್ಶನ.

ಪಾಠಕ್ಕೆ ವೀರಗಲ್ಲನ್ನೇ ತೆಗೆದುಕೊಳ್ಳೋಣ. ಹೊಸೂರು, ಕೃಷ್ಣಗಿರಿಗಳ ಸೀಮೆಯಲ್ಲಿ ಅವಕ್ಕೆ ಕೊರತೆಯಿಲ್ಲ. ಮೂರು ಹಂತಗಳುಳ್ಳ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ವೀರನ ಕಾಳಗ. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ದೇವಸನ್ನಿಧಿಯಲ್ಲಿ ಕುಳಿತ ವೀರ. ಇಷ್ಟನ್ನು ತಿಳಿಸಿಕೊಟ್ಟರೆ ಹತ್ತು ವರ್ಷದ ಬಾಲಕನೂ ಊರ ಹೊರಗಿನ ಕಲ್ಲಿನ ಮುಂದೆ ನಿಂತು ಅದರ ಕಥೆಯನ್ನು ಹೇಳಬಲ್ಲನು.

ಇನ್ನು ದರ್ಶನ. ನಮಗೆ ಬೆಂಗಳೂರು ಸುಮಾರು 40 ಕಿಲೋಮೀಟರುಗಳ ದಾರಿ. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾದುದು. ಆತಕೂರಿನ ಪ್ರಸಿದ್ಧ ಶಿಲೆಯು ಅದರ ಸಂಗ್ರಹಕ್ಕೆ ಸೇರಿದೆ. ಅದರ ಮೇಲಿರುವುದು ರಾಜನಲ್ಲ, ದೇವರಲ್ಲ. ಹಂದಿಯೊಡನೆ ಹೋರಾಡುವ ಒಂದು ನಾಯಿ! ಬರಿಗಣ್ಣಿಗೆ ಅದೊಂದು ಬೇಟೆಯ ಚಿತ್ರ, ಅಷ್ಟೆ. ಆದರೆ ಸುತ್ತಲಿನ ಹಳಗನ್ನಡ ಶಾಸನವನ್ನು ತಿಳಿದವರಿಗೆ ಅರ್ಥವೇ ಬೇರೆ. ಕ್ರಿ.ಶ. 949ರ ಸುಮಾರಿನಲ್ಲಿ, ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ, ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧವಾಯಿತು. ಗಂಗರ ಬೂತುಗನ ಪಕ್ಷದಲ್ಲಿ ಕಾದಿದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದುದು ಕಾಳಿಯೆಂಬ ನಾಯಿಯನ್ನು. ಮುಂದೆ ಆ ನಾಯಿಯೂ ಕಾಡುಹಂದಿಯೂ ಪರಸ್ಪರ ಹೋರಾಡಿ ಸತ್ತವು. ಅದರ ನೆನಪಿಗೆ ನಿಂತಿತು ಈ ಕಲ್ಲು. ಚಿತ್ರವೊಂದೇ ಇದ್ದರೆ ಹೆಸರು ಅಳಿಯುತ್ತಿತ್ತು. ಬರಹವೊಂದೇ ಇದ್ದರೆ ನಾಯಿಯ ಕೆಚ್ಚು ಕಣ್ಣಿಗೆ ಕಟ್ಟುತ್ತಿರಲಿಲ್ಲ.

ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ದಾಗ ಎಲ್ಲವನ್ನೂ ಒಂದೇ ದಿನ ತೋರಿಸುವ ಆತುರ ಬೇಡ. ನಾಲ್ಕೈದು ಕೃತಿಗಳು ಸಾಕು. ಮೊದಲು ಮಗು ತಾನೇ ನೋಡಲಿ, ಕಂಡುದನ್ನು ಹೇಳಲಿ. ಫಲಕವನ್ನು ಆಮೇಲೆ ಓದಲಿ.

ಮಹನೀಯರೇ, ಗಡಿನಾಡಿನಲ್ಲಿರುವ ನಮಗೆ ಇದು ಬರಿಯ ಅಭಿರುಚಿಯ ಮಾತಲ್ಲ. ಓದುವವರಿಲ್ಲದ ಶಾಸನಕ್ಕೂ ಬಟ್ಟೆ ಒಗೆಯುವ ಬಂಡೆಗೂ ಭೇದವೇನು? ಕನ್ನಡ ಬಲ್ಲ ಮಗುವೊಂದು ಕಡಿಮೆಯಾದರೆ ಕಲ್ಲಿನ ಮಾತಿಗೆ ಕಿವಿಯೊಂದು ಕಡಿಮೆಯಾದಂತೆ. ಆದುದರಿಂದ ತಿಂಗಳಿಗೊಂದು ಪಾಠ, ವರ್ಷಕ್ಕೊಂದು ದರ್ಶನ, ಇಷ್ಟನ್ನು ನಮ್ಮ ಸಂಘವು ಈ ವರ್ಷವೇ ಕೈಗೊಳ್ಳಲಿ. ಮೊದಲ ಪಾಠ ನಮ್ಮ ಸೀಮೆಯ ಕಲ್ಲಿನ ಮುಂದೆಯೇ ನಡೆಯಲಿ ಎಂದು ಬಿನ್ನವಿಸಿ ವಿರಮಿಸುತ್ತೇನೆ.